ಕರೆದ ಕೈ

೧೯೮೩ರ ಮಾರ್ಚ್ ಹದಿನಾರು, ಬುಧವಾರ. ಬೆಳಗ್ಗೆ ಹತ್ತರ ಸುಮಾರಿಗೆ ಲಾಸ್ ಏಂಜಲೀಸ್ ಕೌಂಟಿಯ ಬೆಟ್ಟದ ಬುಡದ ಷೆರೀಫ್ ಠಾಣೆಗೆ ಒಬ್ಬ ಮಹಿಳೆ ಬಂದರು. ಬಿಳಿ ಸೀರೆಯಲ್ಲ, ಸಾದಾ ನೀಲಿ ಸೀರೆ. ಅದರ ಮೇಲೊಂದು ಗಂಡಸರ ಸ್ವೆಟರು. ಸ್ಯಾನ್ ಡಿಯೇಗೊದಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಮುಂದಿನ ಕೌಂಟರಿನಲ್ಲಿದ್ದ ಡೆಪ್ಯುಟಿ ಒಳಗೆ ತಲೆ ಹಾಕಿ ಹೇಳಿದ: "ರೂಡಿ, ನಿಮ್ಮ ಕಡೆಯವರು."

ರೂಡಿ ಎಂದರೆ ಸಾರ್ಜೆಂಟ್ ಶಿವರುದ್ರಪ್ಪ. ಠಾಣೆಯಲ್ಲಿ ಆ ಹೆಸರನ್ನು ಪೂರ್ತಿ ಹೇಳುವ ಸಾಹಸವನ್ನು ಯಾರೂ ಮಾಡಿರಲಿಲ್ಲ. ಗದಗಿನವರು. ಭೂವಿಜ್ಞಾನ ಓದಲೆಂದು ೧೯೬೭ರಲ್ಲಿ ಬಂದಿದ್ದರು. ಡಿಗ್ರಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಓದುವಾಗ ಹೊಟ್ಟೆಪಾಡಿಗೆಂದು ಹಿಡಿದ ಠಾಣೆಯ ಗುಮಾಸ್ತಿಕೆಯೇ ಮುಂದೆ ಖಾಕಿಯಾಗಿ, ಆಮೇಲೆ ಪತ್ತೇದಾರಿಕೆಯಾಗಿ ಗಟ್ಟಿಯಾಯಿತು. ಕನ್ನಡದವರು ಸೇರಿದ ಕಡೆ ಯಾರಾದರೂ ಕೆಲಸ ಏನೆಂದು ಕೇಳಿದರೆ "ಕೌಂಟಿಯೊಳಗ ಇದ್ದೀನ್ರಿ" ಎಂದು ಮಾತು ತಿರುಗಿಸುವುದು ಅವರಿಗೆ ರೂಢಿಯಾಗಿತ್ತು. ಎದುರಿಗಿರುವವರೆಲ್ಲ ಡಾಕ್ಟರು, ಎಂಜಿನಿಯರು. ಪೊಲೀಸಿನವನು ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

"ರಿಪೋರ್ಟ್ ಬರೆದಿದ್ದು ನೀವೇನಾ?" ಎಂದರು ಆ ಮಹಿಳೆ.

"ಹೌದ್ರೀ ಅಮ್ಮಾ. ಕೂತ್ಕೋರಿ."

ಅವರು ಭಾನುಮತಿ. ಫೆಬ್ರವರಿ ಇಪ್ಪತ್ತಾರರ ಶನಿವಾರ ಬೇಡನ್ ಪೊವೆಲ್ ಬೆಟ್ಟದ ಉತ್ತರದ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ ನಂಜುಂಡನ ಹೆಂಡತಿ. ನಂಜುಂಡ ಸ್ಯಾನ್ ಡಿಯೇಗೊದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಜೊತೆಗಿದ್ದವರು ರೆಡೊಂಡೊ ಬೀಚಿನ ಡಾ. ಇಂದುಶೇಖರ, ವಿಮಾನ ಕಂಪನಿಯೊಂದರ ಎಂಜಿನಿಯರು. ಇಬ್ಬರೇ ಸ್ಕೀ ಕಟ್ಟಿಕೊಂಡು, ಜನ ಓಡಾಡದ ದಾರಿ ಹಿಡಿದು ಬೆಟ್ಟ ಹತ್ತಿದ್ದರು. ಅಪಘಾತವೆಂದು ಬರೆದು ಫೈಲು ಮುಚ್ಚಿ ಹತ್ತು ದಿನವಾಗಿತ್ತು.

ಭಾನುಮತಿ ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಕೆಳಗೆ ಬೆರಳಿಟ್ಟರು. 'ಜೊತೆಗಾರ ಕೈಬೀಸಿ ಹಿಂದಕ್ಕೆ ಹೋಗುವಂತೆ ಎಚ್ಚರಿಸಿದರೂ ಲೆಕ್ಕಿಸದೆ ಮೃತರು ಇಳಿಜಾರಿಗೆ ಕಾಲಿಟ್ಟರು.'

"ಈ ಸಾಲು ತೆಗೀಬೇಕು."

"ಸಾಕ್ಷಿ ಹೇಳಿದ್ದನ್ನ ಬರದೇನ್ರಿ."

"ಸಾಕ್ಷಿಗೆ ನಮ್ಮನೆಯವರು ಗೊತ್ತಾ? ಅರ್ಧರಾತ್ರೀಲಿ ಖಾಲಿ ರಸ್ತೇಲೂ ಕೆಂಪು ದೀಪಕ್ಕೆ ನಿಲ್ಲೋರು ಅವರು. ನಾನೇ ಬೈತಿದ್ದೆ, ಯಾರಿಗೋಸ್ಕರ ನಿಂತಿದೀರ ಅಂತ. ಬೇಡ ಅಂದ ಕಡೆ ಹೋಗೋ ಜಾತಿನೇ ಅಲ್ಲ." ಸ್ವೆಟರಿನ ತೋಳು ಎಳೆದುಕೊಂಡರು. "ಹದಿಮೂರನೇ ದಿನ ಊಟಕ್ಕೆ ಬಂದೋರು ಎಲೆ ಮುಂದೆ ಕೂತೇ ಮಾತಾಡ್ಕೊಂಡ್ರು. 'ಇಂದುಶೇಖರ ಬೇಡ ಅಂದ್ನಂತೆ, ಇವನು ಕೇಳ್ಲಿಲ್ವಂತೆ.' ನನ್ನ ಮಗಳಿಗೆ ಆರು ವರ್ಷ. ಕನ್ನಡ ಆಡಲ್ಲ, ಆದ್ರೆ ಎಲ್ಲಾ ಅರ್ಥ ಆಗತ್ತೆ. ರಾತ್ರಿ ಕೇಳಿದ್ಳು, 'ಡ್ಯಾಡಿ ಡಿಡಂಟ್ ಲಿಸನ್?' ಅಂತ. ಏನು ಹೇಳ್ಲಿ ಹೇಳಿ."

ಶಿವರುದ್ರಪ್ಪನವರು ಪೆನ್ನಿನ ಕ್ಯಾಪು ಮುಚ್ಚಿ ತೆರೆದರು.

"ಇನ್ನೊಂದು," ಎಂದರು ಭಾನುಮತಿ. "ಅವರ ಸಾಮಾನು ವಾಪಸ್ ಕೊಟ್ರಲ್ಲ, ಜಾಕೆಟ್ಟಿನ ಜಿಪ್ ಜೇಬಲ್ಲಿ ಅರ್ಧ ಕಿತ್ತಳೆ ಹಣ್ಣಿತ್ತು. ನಮ್ಮ ಹಿತ್ತಲಿಂದೇ, ನಾನೇ ಹಾಕಿ ಕೊಟ್ಟಿದ್ದೆ. ಕರ್ಚೀಫಲ್ಲಿ ಸುತ್ತಿ ಇಟ್ಕೊಂಡಿದ್ರು. ಹಟ ಮಾಡಿ ನುಗ್ಗೋನು ಅರ್ಧ ಹಣ್ಣು ಕರ್ಚೀಫಲ್ಲಿ ಕಟ್ಟಿ ಇಟ್ಕೋತಾನಾ? ತಿಂತಾ ಕೂತಿದ್ರು. ಯಾರೋ ಕರೆದ್ರು."

"ನೋಡ್ತೀನ್ರಿ" ಎಂದರು ಶಿವರುದ್ರಪ್ಪ. ಊರ ಕಡೆಯಾದರೆ ಹೊಸ ಎಫ್‌ಐಆರ್ ಆಗಬೇಕಾದದ್ದು. ಇಲ್ಲಿ ಹಳೆಯ ಫೈಲಿಗೇ 'ದೂರಿನ ಮೇರೆಗೆ ಮರುತನಿಖೆ' ಎಂಬ ಚೀಟಿ ಹತ್ತಿತು. ಅವರಿಗೆ ಒಳಗೊಳಗೇ ಇದು ದುಃಖದ ಮಾತು ಅನ್ನಿಸಿತ್ತು, ಪುರಾವೆಯಲ್ಲ. ಸಾಕ್ಷಿಯೇನು ಸಾಮಾನ್ಯನಲ್ಲ. ರಸೆಲ್ ಟೀಗ್ ಅಮೆರಿಕದ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಸಿಗ್ನಲ್‌ಮನ್ ಆಗಿದ್ದವನು. ಹಡಗಿನಿಂದ ಹಡಗಿಗೆ ಕೈಸನ್ನೆ ಓದುವುದೇ ಅವನ ಕಸುಬಾಗಿತ್ತು. ಅಂದು ತಾನೂ ಬೆಟ್ಟ ಹತ್ತಲು ಬಂದಿದ್ದ ಅವನು ಎದುರಿನ ದಿಣ್ಣೆಯಿಂದ ಕಣ್ಣಾರೆ ಕಂಡದ್ದು.

ಆದರೂ ಮೇಜಿನ ಮುಂದೆ ಒಬ್ಬರೇ ಕೂತಾಗ ಆ ಶನಿವಾರದ ಇನ್ನೊಂದು ಸಂಗತಿ ನೆನಪಾಗಿ ಅವರಿಗೆ ಕಿವಿ ಬಿಸಿಯಾಯಿತು. ಬೆಟ್ಟದ ಕೆಳಗೆ ಕಂಬಳಿ ಹೊದ್ದು ಕೂತಿದ್ದ ಇಂದುಶೇಖರ ಇವರ ಎದೆಯ ಮೇಲಿನ ಹೆಸರು ಓದಿ, "ಅಯ್ಯೋ, ನಮ್ಮೋರೇ ಸಿಕ್ಕಿದ್ರಲ್ಲ ಸಾರ್!" ಎಂದು ಕೈ ಹಿಡಿದುಕೊಂಡಿದ್ದರು. ಪಿಎಚ್‌ಡಿ ಮಾಡಿದ ಮನುಷ್ಯ ತನ್ನನ್ನು ಸಾರ್ ಎಂದದ್ದು ಹಿತವಾಗಿತ್ತು. ಕೇಳಬೇಕಾದ ಎಷ್ಟೋ ಪ್ರಶ್ನೆಗಳನ್ನು ಆ ಹಿತದಲ್ಲಿ ಕೇಳದೆ ಬಿಟ್ಟಿದ್ದರು.

*

ಮರುದಿನ ಸಂಜೆ ರೆಡೊಂಡೊ ಬೀಚಿನ ಮನೆಯಲ್ಲಿ ಆ ಪ್ರಶ್ನೆಗಳನ್ನು ಕೇಳಿದರು. ಜೊತೆಗೆ ಡೆಪ್ಯುಟಿ ಡೆನಿಸ್ ಮೊರೆನೊ ಇದ್ದಳು. ಬೆಟ್ಟದ ರಕ್ಷಣಾ ತಂಡದವಳು. ನಂಜುಂಡನ ಹೆಣವನ್ನು ಹಿಮದಿಂದ ತೆಗೆದವರಲ್ಲಿ ಒಬ್ಬಳು. ಇಂದುಶೇಖರರ ಹೆಂಡತಿ ಮೈಥಿಲಿ ಕಾಫಿ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತರು. ಮೊರೆನೊಗೆ ಅರ್ಥವಾಗಲೆಂದು ಮಾತು ಇಂಗ್ಲಿಷಿನಲ್ಲಿ ಶುರುವಾಗಿ, ಆಗಾಗ ಕನ್ನಡಕ್ಕೆ ಜಾರಿತು.

"ಇಳಿಜಾರು ದಾಟೋಕೆ ಮುಂಚೆ ಹಿಮ ಪರೀಕ್ಷೆ ಮಾಡಿದಿರಾ?"

"ಮಾಡಿದೆ. ಅಂಚಿನಲ್ಲಿ ಗುಂಡಿ ತೋಡಿ ಪದರ ನೋಡಿದೆ. ಗುಂಡಿ ನೀವೇ ನೋಡಿದೀರಲ್ಲ ಸಾರ್."

"ನೋಡಿದ್ದೆ. ಪದರ ಹೇಗಿತ್ತು?"

"ಗಟ್ಟಿ ಇತ್ತು." ಇಂದುಶೇಖರ ಕನ್ನಡಕ ತೆಗೆದು ಒರೆಸಿದರು. "ಹಿಮ ಅಂದ್ರೆ ಶಾಖ, ಆವಿ ಅಷ್ಟೇ. ನನ್ನ ಥೀಸಿಸ್ಸೇ ಅದರ ಮೇಲೆ. ಹಿಮಕುಸಿತದ ಬಗ್ಗೆ ಎರಡು ದಿನದ ಕೋರ್ಸೂ ಮಾಡಿದೀನಿ."

"ಆಗ ನಂಜುಂಡ ಏನು ಮಾಡ್ತಿದ್ದರು?"

"ಪಕ್ಕದಲ್ಲಿ ನಿಂತು ನೋಡ್ತಿದ್ದ."

"ನೀವು ಮೊದಲು ದಾಟಿದಿರಿ. ಆಮೇಲೆ?"

"ನಡುಮಧ್ಯ ಬಂದಾಗ ಕಾಲ ಕೆಳಗೆ ಧುಮ್ ಅಂತ ಒಂದು ಸದ್ದಾಯ್ತು. ಇಡೀ ಇಳಿಜಾರು ಒಂದು ಬೆರಳಷ್ಟು ಕೂತ ಹಾಗೆ."

ಮೊರೆನೊ ತಲೆ ಎತ್ತಿದಳು. "ಆ ಸದ್ದಿನ ಅರ್ಥ ಗೊತ್ತಿತ್ತಾ?"

"ಗೊತ್ತಿತ್ತು. ಒಳಗಿನ ಸಡಿಲ ಪದರ ಕುಸಿದಿದೆ ಅಂತ. ಅದಕ್ಕೇ..."

"ಅದಕ್ಕೇ?"

"ಆ ನೇವಿಯವರು ನೋಡಿದಾರಲ್ಲ. ಕೈ ಬೀಸಿದ್ದನ್ನ."

"ಅಂವಾ ನೋಡಿದ್ದು ಗೊತ್ತದರೀ. ನೀವು ಏನ್ ಮಾಡಿದ್ರಿ?"

"ಅವರು ಹೇಳಿದ ಹಾಗೇ ಸಾರ್. ಗಾಳಿ ಜೋರಿತ್ತು, ಕೂಗಿದ್ರೆ ಕೇಳ್ತಿರಲಿಲ್ಲ."

ಕಾರಿಗೆ ಬಂದ ಮೇಲೆ ಮೊರೆನೊ ಸೀಟ್‌ಬೆಲ್ಟ್ ಎಳೆಯುತ್ತ, "ರೂಡಿ, ಆ ಮನುಷ್ಯ ಎಲ್ಲ ವಾಕ್ಯದಲ್ಲೂ 'ನಾನು' ಅಂದ. ಕೈ ಬೀಸಿದ ವಾಕ್ಯ ಒಂದರಲ್ಲಿ ಮಾತ್ರ 'ಅವರು' ಅಂದ," ಎಂದಳು.

ಶಿವರುದ್ರಪ್ಪನವರಿಗೂ ಅದು ಕಂಡಿತ್ತು. ಆದರೆ ತಾನಾಗಿ ಆ ಮಾತನ್ನು ಆಡುವ ಮನಸ್ಸಾಗಿರಲಿಲ್ಲ.

*

ಶನಿವಾರ ಅವರೊಬ್ಬರೇ ಸ್ಯಾನ್ ಡಿಯೇಗೊಗೆ ಹೋದರು. ಟೀಗ್‌ನ ಮನೆ ಪಾಯಿಂಟ್ ಲೋಮಾದಲ್ಲಿ, ಕೊಲ್ಲಿಯಲ್ಲಿ ನಿಂತ ಹಡಗುಗಳು ಕಾಣುವ ಎತ್ತರದಲ್ಲಿತ್ತು. ಹಿತ್ತಲಲ್ಲಿ ಐದಾರು ಕೋಳಿ ಸಾಕಿಕೊಂಡಿದ್ದ.

"ಹೇಳಿದ್ದೇ ಹೇಳಬೇಕಾ ಸಾರ್ಜೆಂಟ್? ಮೊದಲನೆಯವನು ಆಚೆ ದಡ ಸೇರಿದ. ತಿರುಗಿ ನಿಂತ. ಇವನಿಗೆ ಹಿಂದಕ್ಕೆ ಹೋಗು ಅಂತ ಸನ್ನೆ ಮಾಡಿದ. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಆದರೂ ಇವನು ಬಂದ. ನಡುವೆ ಬರುವಷ್ಟರಲ್ಲಿ ಮೇಲಿಂದ ಇಡೀ ಚಪ್ಪಡಿ ಬಿರುಕು ಬಿಟ್ಟು ಜಾರಿತು."

"ಸನ್ನೆ ಹೇಗಿತ್ತು?"

"ಹೇಳಿದೆನಲ್ಲ, ಹಿಂದಕ್ಕೆ ಹೋಗು ಅಂತ."

"ಅದು ಅರ್ಥ. ನನಗೆ ಸನ್ನೆ ಬೇಕು. ಆ ಬೇಲಿಯ ಹತ್ತಿರ ನಿಂತು ಮಾಡಿ ತೋರಿಸಿ."

ಟೀಗ್ ನಗುತ್ತ ಹೋಗಿ ಬೇಲಿಗೆ ಬೆನ್ನು ಕೊಟ್ಟು ನಿಂತ. ಬಲಗೈಯನ್ನು ಭುಜದೆತ್ತರಕ್ಕೆ ಮುಂದೆ ಚಾಚಿದ. ಅಂಗೈ ಕೆಳಮುಖವಾಗಿತ್ತು. ನಾಲ್ಕು ಬೆರಳುಗಳನ್ನೂ ಒಟ್ಟಿಗೆ ಕೆಳಕ್ಕೆ, ತನ್ನ ಕಡೆಗೆ ಮಡಿಸಿ ಬಿಟ್ಟ. ಮತ್ತೆ ಮಡಿಸಿ ಬಿಟ್ಟ. ಮತ್ತೆ.

ಶಿವರುದ್ರಪ್ಪ ಅವನ ಕಡೆಗೆ ಎರಡು ಹೆಜ್ಜೆ ನಡೆದಿದ್ದರು.

ನಡೆದದ್ದು ಅವರಿಗೆ ತಿಳಿದದ್ದು ನಡೆದ ಮೇಲೆ. ಗದಗಿನ ಮನೆಯ ಕಟ್ಟೆಯ ಮೇಲೆ ನಿಂತು ಅವ್ವ ಬೀದಿಯ ಆ ತುದಿಯಲ್ಲಿ ಆಡುತ್ತಿದ್ದವನನ್ನು ಕರೆಯುತ್ತಿದ್ದುದು ಹೀಗೆಯೇ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕರೆಯುವುದು ಹೀಗೆ, ಪಂಕ್ತಿಯಲ್ಲಿ ಜಾಗ ಖಾಲಿಯಿದೆ ಬಾ ಎನ್ನುವುದೂ ಹೀಗೆ. ಅಂಗೈ ಮೇಲೆ ಮಾಡಿ ಬೆರಳಾಡಿಸಿದರೆ ಅದು ನಾಯಿಯನ್ನು ಕರೆದ ಹಾಗೆ; ಮನುಷ್ಯರನ್ನು ಯಾರೂ ಹಾಗೆ ಕರೆಯುವುದಿಲ್ಲ.

"ಹಿಂದೆ ಹೋಗು ಅಂತ ನಿಮಗೆ ಹೇಗೆ ಅನ್ನಿಸಿತು?" ಎಂದು ಕೇಳಿದರು.

"ಇನ್ನು ಹೇಗೆ? ಕೋಳಿ ಓಡಿಸುವ ಹಾಗಿದೆಯಲ್ಲ, ಹುಶ್, ಹುಶ್ ಅಂತ."

"ನಮ್ಮ ದೇಶದಲ್ಲಿ ಅದು 'ಬಾ' ಅಂತ, ಟೀಗ್."

ಟೀಗ್ ತನ್ನ ಕೈಯನ್ನೇ ನೋಡಿಕೊಂಡ. ಮಡಿಸಿದ ಬೆರಳುಗಳನ್ನು ಬಿಡಿಸಲು ಮರೆತ. ಹೇಳಿದ: "ನಾನೇ ಅವನಿಗೆ ಹೇಳಿದೆ. ದಿಣ್ಣೆ ಇಳಿದು, ಏನೂ ಕಾಣದ ಕಾಡು ದಾಟಿ ನಾನು ಹೋಗಿ ಸೇರಿದಾಗ ಅವನು ಕುಸಿದ ಹಿಮದ ಮೇಲೆ ಸಲಿಕೆ ಹಿಡಿದು ನಿಂತಿದ್ದ, ಮುಖ ಸುಣ್ಣವಾಗಿತ್ತು. ಸಮಾಧಾನಕ್ಕೆ ಅಂದೆ: 'ನಿನ್ನ ತಪ್ಪೇನೂ ಇಲ್ಲಪ್ಪ, ನೀನು ಹಿಂದಕ್ಕೆ ಹೋಗು ಅಂದದ್ದನ್ನು ನಾನು ನೋಡಿದೆ.' ಅವನು ನನ್ನನ್ನೇ ದಿಟ್ಟಿಸಿದ. ಏನೂ ಹೇಳಲಿಲ್ಲ. ಇಪ್ಪತ್ತು ವರ್ಷ ಸಿಗ್ನಲ್ ಓದಿದವನು ನಾನು..."

"ನಾನು ಹದಿನಾರು ವರ್ಷ ಅವನದೇ ಭಾಷೆಯ ಮನುಷ್ಯ ಅಂತ ಹೇಳಿಕೊಳ್ಳುತ್ತ ಬಂದವನು," ಎಂದರು ಶಿವರುದ್ರಪ್ಪ. "ನೀವು ಬರೆಸಿದ ಅರ್ಥ ಬರೆದುಕೊಂಡೆ. ಕೈ ಹೇಗಿತ್ತು ಅಂತ ಕೇಳಲಿಲ್ಲ."

ವಾಪಸು ಬರುವಾಗ ಫ್ರೀವೇಯ ಉದ್ದಕ್ಕೂ ಬಲಗೈಯನ್ನು ಸ್ಟಿಯರಿಂಗಿನಿಂದ ಎತ್ತಲಿಲ್ಲ.

*

ಉಳಿದದ್ದು ಗುಂಡಿ. ಸದ್ದು ಕೇಳಿ ಅಪಾಯ ತಿಳಿದಮೇಲೂ ಕರೆದಿದ್ದರೆ, ದಾಟುವ ಮುಂಚೆ ಮಾಡಿದೆನೆಂಬ ಪರೀಕ್ಷೆಯ ಮಾತು ಎಷ್ಟು ನಿಜ? ಆ ಸ್ಥಳದಲ್ಲಿ ರಕ್ಷಣಾ ತಂಡ ನೆಟ್ಟ ಬಿದಿರುಕೋಲು ಇನ್ನೂ ಇತ್ತು. ನಡುವೆ ಬಂದ ಬಿರುಗಾಳಿ ಅದರ ಮೇಲೆ ಮೂರಡಿ ಹೊಸ ಹಿಮ ಸುರಿದಿತ್ತು.

ಭಾನುವಾರ ಬೆಳಗ್ಗೆ ಶಿವರುದ್ರಪ್ಪ, ಮೊರೆನೊ ಇಬ್ಬರೂ ಹೊರಟರು. ಕಾಡು ಮುಗಿಯುವಲ್ಲಿ ಮೊರೆನೊ ನಿಂತು, ಸೊಂಟದಾಳ ತೋಡಿ, ಹಿಮದ್ದೇ ಒಂದು ಕಂಬವನ್ನು ಮೂರು ಕಡೆಯಿಂದ ಬಿಡಿಸಿ ನಿಲ್ಲಿಸಿದಳು. ಅದರ ಹಿಂದೆ ಸಲಿಕೆ ಇಳಿಸಿ ಮೆಲ್ಲಗೆ ಎಳೆದಳು. ಎಳೆಯುವ ಮುಂಚೆಯೇ ಅನ್ನುವ ಹಾಗೆ ಮೇಲಿನ ತುಂಡು ಸಲೀಸಾಗಿ ಜಾರಿ ಅವಳ ಮಡಿಲಿಗೆ ಬಂತು. ಕೆಳಗೆ ಉಳಿದ ಪದರವನ್ನು ಅವಳು ಅಂಗೈಗೆ ಹಾಕಿ ತೋರಿಸಿದಳು. ದಪ್ಪ ಸಕ್ಕರೆಯಂಥ ಹರಳು. ಮುಷ್ಟಿ ಕಟ್ಟಿದರೂ ಉಂಡೆಯಾಗಲಿಲ್ಲ.

"ಇದರ ಮೇಲೆ ಕೂತಿರುವ ಹಿಮ ಎಷ್ಟೇ ಗಟ್ಟಿಯಾಗಿರಲಿ, ಅಡಿಪಾಯವಿಲ್ಲದ ಚಪ್ಪಡಿ. ಇವತ್ತು ಬೇಡ ರೂಡಿ, ವಾಪಸ್ ಹೋಗೋಣ."

"ಮೂರು ಗಂಟೆ ಹತ್ತಿ ಬಂದಿದ್ದೀವಿ."

"ಹೌದು. ಇಳಿಯೋಕೆ ಒಂದು ಗಂಟೆ ಸಾಕು." ಅವಳು ಆಗಲೇ ಸ್ಕೀ ತಿರುಗಿಸಿದ್ದಳು. ಮುಖದಲ್ಲಿ ಸೋತೆನೆಂಬ ಭಾವ ಚೂರೂ ಇರಲಿಲ್ಲ. ಶಿವರುದ್ರಪ್ಪ ಅದನ್ನು ಬೆರಗಿನಿಂದ ನೋಡಿದರು. ಹಿಂದಿರುಗುವುದನ್ನು ಇಷ್ಟು ಸಲೀಸಾಗಿ ಮಾಡಬಹುದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಗುರುವಾರದ ಹೊತ್ತಿಗೆ ಹಿಮ ಕೂತು ಬಿಗಿಯಾಗಿತ್ತು. ಈ ಸಲ ಕಂಬ ಜಾರಲಿಲ್ಲ. ಆದರೂ ಮೊರೆನೊ ಬಂಡೆಸಾಲಿನ ಸುತ್ತುದಾರಿ ಹಿಡಿಸಿ, ಹಗ್ಗ ಕಟ್ಟಿಸಿ, ಕೋಲು ನೆಟ್ಟ ಅಂಚಿಗೆ ಕರೆದುಕೊಂಡು ಹೋದಳು. ಶಿವರುದ್ರಪ್ಪನವರಿಗೆ ಇಂಥ ಕೆಲಸಕ್ಕೆ ಇವತ್ತಿಗೂ ಮನಸ್ಸಿನಲ್ಲಿ ಬರುವ ಮಾತು ಪಂಚನಾಮೆ. ಅಳತೆ, ಫೋಟೋ, ದಿಕ್ಕು ಎಲ್ಲ ಗುರುತು ಹಾಕಿ ಮೇಲಿನಿಂದ ಒಂದೊಂದೇ ಪದರ ಬಿಡಿಸುತ್ತ ಬಂದರು.

ಭೂವಿಜ್ಞಾನದ ಮೊದಲ ಪಾಠ ಧಾರವಾಡದ ತರಗತಿಯಲ್ಲಿ ಒಂದೇ ವಾಕ್ಯದಲ್ಲಿ ಮುಗಿದಿತ್ತು: ಕೆಡದೆ ಉಳಿದ ಪದರಗಳಲ್ಲಿ ಮೇಲಿನದು ಆಮೇಲಿನದು. ಅದಕ್ಕೆ ಇಂಥ ಕೆಲಸ ಬಂದೀತೆಂದು ಅವರು ಎಣಿಸಿರಲಿಲ್ಲ.

ಮೊದಲು ಮಾರ್ಚ್ ತಿಂಗಳ ಹೊಸ ಹಿಮ. ಅದರ ಕೆಳಗೆ ಇಂದುಶೇಖರರ ಗುಂಡಿಯಿಂದ ಎತ್ತಿ ಹಾಕಿದ ಹೆಂಟೆಗಳ ರಾಶಿ. ಹೆಂಟೆಗಳನ್ನು ಮೊರೆನೊ ಸಲಿಕೆ ಬಿಟ್ಟು ಕೈಯಲ್ಲೇ ಎತ್ತಿದಳು. ರಾಶಿಯ ಕೆಳಗೆ, ಹಳೆಯ ಹಿಮದ ಮೇಲೆ ಎರಡು ಸ್ಕೀಗಳ ಸಾಲು ಅಚ್ಚಾಗಿ ಇಳಿಜಾರಿನತ್ತ ಹೊರಟಿತ್ತು. ಪಕ್ಕದಲ್ಲಿ ಯಾರೋ ಬೆನ್ನಚೀಲದ ಮೇಲೆ ಕೂತ ಗುಳಿ. ಗುಳಿಯ ಪಕ್ಕ, ಬಣ್ಣ ಕೂಡ ಮಾಸದೆ, ಕಿತ್ತಳೆಯ ಸಿಪ್ಪೆ.

ಶಿವರುದ್ರಪ್ಪ ಅದರ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದರು.

"ಆಚೆ ದಡದಿಂದ ಕರೆಯುವವರೆಗೆ ಅವನು ಇಲ್ಲಿ ಕೂತು ಹಣ್ಣು ತಿನ್ನುತ್ತಿದ್ದ," ಎಂದಳು ಮೊರೆನೊ. "ಉಳಿದದ್ದನ್ನು ಕಟ್ಟಿ ಇಟ್ಟುಕೊಂಡು ಹೋದ. ಹೋದ ಮೇಲೆ ಇಂದುಶೇಖರ ಬಂದು ಇಲ್ಲಿ ಗುಂಡಿ ತೋಡಿದ. ಮಣ್ಣಿನ ಹಾಗೆ ಹಿಮವನ್ನು ಇದರ ಮೇಲೆ ಎಸೆದ."

"ಹೋದ ಮೇಲೆ ಅಂದರೆ—"

"ಕುಸಿತ ಆದ ಮೇಲೆ." ಅವಳು ಕೆಳಗೆ ನೋಡಿದಳು. ನಂಜುಂಡ ಸಿಕ್ಕಿದ ಜಾಗ ಅಲ್ಲಿಂದ ಕಲ್ಲೆಸೆದರೆ ಬೀಳುವಷ್ಟು ದೂರ. "ಅವನ ಮೇಲಿದ್ದದ್ದು ಮೊಳಕಾಲುದ್ದ ಹಿಮ ರೂಡಿ. ತೆಗೆದದ್ದು ನಾನೇ. ಮುಖದ ಮುಂದೆ ಉಸಿರು ತಾಗಿ ತಾಗಿ ಮಂಜುಗಡ್ಡೆಯ ಪೊರೆ ಕಟ್ಟಿತ್ತು. ತಕ್ಷಣ ಸತ್ತವರಿಗೆ ಅದು ಕಟ್ಟುವುದಿಲ್ಲ. ಇವರಿಬ್ಬರ ಬಳಿ ಇದ್ದದ್ದು ಒಂದೇ ಸಲಿಕೆ."

ಶಿವರುದ್ರಪ್ಪ ಸಿಪ್ಪೆಯನ್ನು ಲಕೋಟೆಗೆ ಹಾಕಿದರು. ಲಕೋಟೆಯ ಮೇಲೆ ದಿನಾಂಕ ಬರೆಯಲು ಮೂರು ಸಲ ಪೆನ್ನು ಒತ್ತಬೇಕಾಯಿತು.

*

ಜಿಲ್ಲೆಯ ಸರ್ಕಾರಿ ವಕೀಲರು ಫೋಟೋಗಳನ್ನೂ ಟೀಗ್‌ನ ತಿದ್ದಿದ ಹೇಳಿಕೆಯನ್ನೂ ನೋಡಿ, ಉದ್ದೇಶವಿಲ್ಲದ ನರಹತ್ಯೆ ಮತ್ತು ತನಿಖೆಗೆ ಸುಳ್ಳು ಹೇಳಿಕೆ ಎಂಬ ಎರಡು ಆರೋಪಗಳ ಮೇಲೆ ವಾರಂಟು ಕೊಡಿಸಿದರು. ಮಾರ್ಚ್ ಇಪ್ಪತ್ತಾರು, ಶನಿವಾರ. ಬೆಳಗ್ಗೆ ಎಂಟಕ್ಕೆ ರೆಡೊಂಡೊ ಬೀಚಿನ ಮನೆಯ ಮುಂದೆ ಕಾರು ನಿಂತಿತು. ಇಂದುಶೇಖರ ಹುಲ್ಲಿಗೆ ನೀರು ಬಿಡುತ್ತಿದ್ದರು. ಮೈಥಿಲಿ ಬಾಗಿಲಲ್ಲಿದ್ದರು. ಪಕ್ಕದ ಮನೆಯವನು ಗ್ಯಾರೇಜು ತೆರೆದು ಕಾರು ಒರೆಸುತ್ತಿದ್ದ.

ಮನೆಯವರ ಎದುರಿಗೆ, ನೆರೆಯವರ ಎದುರಿಗೆ ಬೇಡ ಎಂದು ಶಿವರುದ್ರಪ್ಪನವರಿಗೆ ಅನ್ನಿಸಿತು. ಹೆಸರು ಕೂಗಲಿಲ್ಲ. ಕಾರಿನ ಪಕ್ಕದಿಂದಲೇ ಕೈ ಚಾಚಿ ಕರೆದರು.

ಇಂದುಶೇಖರ ಪೈಪು ಕೆಳಗಿಟ್ಟು ಹುಲ್ಲು ದಾಟಿ ಬರತೊಡಗಿದರು. ನಡುವೆ ಬಂದವರು ತಟ್ಟನೆ ನಿಂತರು. ಅವರ ಕಣ್ಣು ಶಿವರುದ್ರಪ್ಪನವರ ಕೈಯ ಮೇಲಿತ್ತು. ಆಗ ಶಿವರುದ್ರಪ್ಪನವರೂ ತಮ್ಮ ಕೈ ನೋಡಿಕೊಂಡರು: ಅಂಗೈ ಕೆಳಗೆ, ಬೆರಳು ಮಡಿಸಿದ್ದು. ಬೇಕೆಂದು ಮಾಡಿದ್ದಲ್ಲ. ಇಳಿಸಲೂ ಆಗದೆ, ಹಿಡಿಯಲೂ ಆಗದೆ ಆ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಗೊತ್ತಾಯ್ತಾ ಸಾರ್," ಎಂದರು ಇಂದುಶೇಖರ, ಪ್ರಶ್ನೆಯಲ್ಲದ ದನಿಯಲ್ಲಿ.

"ಗೊತ್ತಾತ್ರಿ. ಬರ್ರಿ."

ಮೊರೆನೊ ಹಕ್ಕುಗಳನ್ನು ಓದಿ ಹೇಳಿದಳು. ವಕೀಲರು ಬರುವವರೆಗೆ ಸುಮ್ಮನಿರಬಹುದೆಂದು ಶಿವರುದ್ರಪ್ಪ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. "ಕೋಳ ಹಾಕ್ತೀರಾ?" ಎಂದು ಮಾತ್ರ ಕೇಳಿದರು ಇಂದುಶೇಖರ. "ಹಾಕಬೇಕ್ರಿ" ಎಂದು ಹಾಕಿ, ತಮ್ಮ ಕೋಟು ಬಿಚ್ಚಿ ಅದರ ಮೇಲೆ ಹೊದಿಸಿದರು. ಅದನ್ನೂ ಪಕ್ಕದ ಮನೆಯವನು ನೋಡಿದ.

ಠಾಣೆಯ ದಾರಿಯಲ್ಲಿ ಅರ್ಧ ಬಂದಮೇಲೆ ಇಂದುಶೇಖರ ತಾವಾಗಿ ಮಾತಾಡಿದರು.

"ಗುಂಡಿ ತೋಡೋಣ್ವಾ ಅಂತ ಅವನೇ ಕೇಳಿದ. ಬೇಡ, ನನಗೆ ಕಾಲಲ್ಲೇ ಗೊತ್ತಾಗತ್ತೆ ಅಂದೆ. ಹಿಂದಿನ ವಾರ ಬರ್ಬ್ಯಾಂಕ್‌ನಲ್ಲಿ ಒಬ್ಬರ ಮನೇಲಿ ಹತ್ತು ಜನದ ಮುಂದೆ ಹಿಮದ ಬಗ್ಗೆ ಲೆಕ್ಚರ್ ಕೊಟ್ಟಿದ್ದೆ. ಇವನು ಎದುರಿಗೇ ಕೂತು ಕೇಳಿದ್ದ."

"ಸದ್ದು ಬಂದಾಗ?"

"ನಿಲ್ಲಲಿಲ್ಲ. ಆಚೆ ಸೇರಿದೆ. ಹೋಗು, ಬಂಡೆ ಸುತ್ತಿ ಬಾ ಅನ್ಬೇಕಿತ್ತು. ಹಾಗಂದ್ರೆ, ನಾನು ಪರೀಕ್ಷೆ ಮಾಡದೆ ದಾಟಿದ್ದು ತಪ್ಪು ಅಂತ ಆಗತ್ತಲ್ಲ. ಅವನು ಏನೂ ಅಂತಿರಲಿಲ್ಲ. ನಗ್ತಿದ್ದ ಅಷ್ಟೇ. ಆ ನಗು..." ಕೈಮೇಲಿನ ಕೋಟು ಸರಿಮಾಡಿಕೊಂಡರು. "ನಾನು ದಾಟಿದೀನಲ್ಲ, ಅವನೂ ದಾಟ್ತಾನೆ ಅಂದ್ಕೊಂಡೆ. ಕರೆದೆ."

"ಆಮೇಲೆ?"

"ಇಳಿದು ಹುಡುಕಿದೆ. ಕೂಗಿದೆ. ಎಲ್ಲಾ ಬಿಳಿ. ಹೋಗ್ಬಿಟ್ಟ ಅನ್ನಿಸ್ತು. ಜನ ಬಂದು ಗುಂಡಿ ಎಲ್ಲಿ ಅಂತ ಕೇಳ್ತಾರೆ, ಡಾಕ್ಟರೇಟ್ ಮಾಡಿದೋನು ಗುಂಡಿ ತೋಡಲಿಲ್ವಾ ಅಂತಾರೆ... ಮೇಲೆ ಹತ್ತಿದೆ. ತೋಡಿದೆ."

ಕಾರು ಓಡಿಸುತ್ತಿದ್ದ ಮೊರೆನೊಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕಾರಿನ ವೇಗ ಕಡಿಮೆಯಾಯಿತು.

"ಅವನು ಬದುಕಿದ್ನಾ ಸಾರ್? ನಾನು ತೋಡ್ತಿದ್ದಾಗ?"

ಉತ್ತರ ಫೈಲಿನಲ್ಲಿತ್ತು, ಒಂದು ದಿನ ನ್ಯಾಯಾಲಯದಲ್ಲಿ ಎಲ್ಲರ ಮುಂದೆ ಓದುವರು. ಇವತ್ತು ಅದನ್ನು ಹೇಳದಿರುವುದು ಕರುಣೆಯೋ, ಇನ್ನೊಂದು ಹೇಡಿತನವೋ ಶಿವರುದ್ರಪ್ಪನವರಿಗೆ ತಿಳಿಯಲಿಲ್ಲ. "ಇದ್ದರ್ರೀ," ಎಂದರು ಕೊನೆಗೆ.

ಠಾಣೆಯಲ್ಲಿ ಹೊಸ ವರದಿ ಬರೆಯುವಾಗ, ಅಪರಾಧಕ್ಕೆ ಪ್ರೇರಣೆ ಎಂಬ ಜಾಗದಲ್ಲಿ ಶಿವರುದ್ರಪ್ಪ ಮೊದಲು 'ಅಹಂಕಾರ' ಎಂದು ಬರೆದರು. ಅದು ದೊಡ್ಡ ಮಾತಾಯಿತು ಅನ್ನಿಸಿ ಹೊಡೆದುಹಾಕಿ 'ನಾಚಿಕೆ' ಎಂದು ಬರೆದರು. ಹಗೆಯಿಲ್ಲದ, ಲಾಭವಿಲ್ಲದ ಮನುಷ್ಯ ಸ್ನೇಹಿತನೊಬ್ಬನ ನಗುವಿಗೆ ಅಂಜಿ ಅವನನ್ನು ಸಾವಿಗೆ ಕರೆದಿದ್ದ. ಆಮೇಲೆ ನಾಚಿಕೆ ಮುಚ್ಚಲು ಇದ್ದ ಒಂದೇ ಸಲಿಕೆಯನ್ನು ಬಳಸಿದ್ದ. ಆ ಪದವನ್ನು ಬರೆಯುವಾಗ ಅವರಿಗೆ ಬೇರೆಯವನ ವಿಷಯ ಬರೆಯುತ್ತಿದ್ದೇನೆ ಎಂದು ಪೂರ್ತಿ ಅನ್ನಿಸಲಿಲ್ಲ. ಒಂದು 'ಸಾರ್'ಗೆ ಸೋತು ಸತ್ತವನ ಹೆಸರಿಗೆ ಮಸಿ ಬಳಿದ ಸಾಲು ಅವರ ಕೈಬರಹದಲ್ಲೇ ಇತ್ತು.

ಸಂಜೆ ಸ್ಯಾನ್ ಡಿಯೇಗೊಗೆ ಫೋನು ಮಾಡಿದರು.

"ನಾನ್ರೀ ಅಮ್ಮಾ, ಶಿವರುದ್ರಪ್ಪ. ಪೊಲೀಸ್." ಆ ಪದ ಹೊರಗೆ ಬಂದದ್ದು ಅವರಿಗೇ ವಿಚಿತ್ರವಾಗಿ ಕೇಳಿಸಿತು. "ಆ ಸಾಲು ತಗದೀನ್ರಿ. ಅದು ತಪ್ಪಿತ್ತು. ತಪ್ಪು ನಂದು."

ನಡೆದದ್ದನ್ನೆಲ್ಲ ಹೇಳಿದರು. ಮುಗಿದ ಮೇಲೆ ಭಾನುಮತಿ ಕೇಳಿದರು: "ಆ ಜಾಗದಲ್ಲಿ ಏನು ಬರೆದ್ರಿ?"

"'ಜೊತೆಗಾರ ಕರೆದಾಗ ಮೃತರು ಹೋದರು' ಅಂತ."

ಫೋನಿನಾಚೆ ರಿಸೀವರು ಕೈ ಬದಲಾದ ಸದ್ದಾಯಿತು. ಭಾನುಮತಿ ಮಗಳಿಗೆ ಕನ್ನಡದಲ್ಲಿ ಏನೋ ಹೇಳುತ್ತಿದ್ದುದು ದೂರದಿಂದ ಕೇಳಿಸಿತು. ಆಮೇಲೆ ಪುಟ್ಟ ದನಿ, ನೇರವಾಗಿ ಅವರ ಕಿವಿಯಲ್ಲಿ:

"ಸೋ ಹಿ ವಾಸ್ ಲಿಸನಿಂಗ್?"

"ಹೂಂನವ್ವಾ," ಎಂದರು ಶಿವರುದ್ರಪ್ಪ. ಅವಳಿಗೆ ಅರ್ಥವಾಗುತ್ತದೆಂದು ಗೊತ್ತಿತ್ತು. "ಕೇಳಿದ್ದಕ್ಕೇ ಹೋದರು."